ಟಿಬೆಟಿನ ಮೂಲೆಮೂಲೆಯ ಕಲ್ಲಿನ ಗೋಪುರಗಳು: ಯಾರು ಕಟ್ಟಿದ್ದು, ಯಾಕೆ?

ಗುಡ್ಡದಹಾದಿ:
ಟಿಬೆಟ್ ಪ್ರಸ್ಥಭೂಮಿಯ ಪೂರ್ವದ ಅಂಚಿನಲ್ಲಿ, ಈಗಿನ ಸಿಚುವಾನ್ ಪ್ರಾಂತ್ಯದ ದಾನ್‌ಬಾ ಕಡೆಯ ಫೋಟೋಗಳನ್ನು ನೋಡುತ್ತಿದ್ದೆ. ಮನೆಗಳ ಮಧ್ಯೆ ಕಾರ್ಖಾನೆ ಚಿಮಣಿ ಥರ ಕಲ್ಲಿನ ಗೋಪುರಗಳು. ಕೆಲವು ಚೌಕ, ಕೆಲವಕ್ಕೆ ಎಂಟು ಮೂಲೆ, ಮೇಲಿಂದ ನೋಡಿದರೆ ನಕ್ಷತ್ರ. ಕಾವಲಿಗೆ ಅಂದರೆ ಒಂದೇ ಊರಿಗೆ ಇಷ್ಟೊಂದು ಯಾಕೆ?

ಹಳೇಗೋಡೆ:
ಕಟ್ಟಿದವರು ಇಂಥವರೇ ಅಂತ ಒಂದು ಹೆಸರು ಹೇಳೋಕಾಗಲ್ಲ. ಆ ಕಣಿವೆಗಳಲ್ಲಿ ಗ್ಯಾರೊಂಗ್, ಮಿನ್ಯಾಕ್, ಚಿಯಾಂಗ್ ಹೀಗೆ ಬೇರೆ ಬೇರೆ ಜನ. ಒಂದು ಕಣಿವೆಯ ಮಾತು ಪಕ್ಕದ ಕಣಿವೆಗೆ ಅರ್ಥವಾಗದ ಕಡೆಗಳೂ ಇವೆ. ಫ್ರೆಂಚ್ ಮಹಿಳೆ ಫ್ರೆಡೆರಿಕ್ ದಾರಗೋನ್ 1998ರಿಂದ ಊರೂರು ಸುತ್ತಿ, ಗೋಡೆಯೊಳಗಿನ ಮರದ ತುಂಡುಗಳನ್ನು ಕಾರ್ಬನ್ ಪರೀಕ್ಷೆಗೆ ಕಳಿಸಿದರು. ಕೆಲವು ನೂರು ವರ್ಷದಿಂದ ಸಾವಿರ ವರ್ಷದವರೆಗೆ ವಯಸ್ಸು ಬಂತು. ಆದರೆ ಅದು ಮರ ಕಡಿದ ಕಾಲ ಅಷ್ಟೇ, ಹಳೇ ತೊಲೆಯನ್ನೇ ತಂದು ಮತ್ತೆ ಬಳಸಿದ್ದರೆ ಲೆಕ್ಕ ತಪ್ಪುತ್ತೆ ಅಲ್ವಾ.

ಕೋಟೆಹುಚ್ಚ:
ಕಾವಲು ಸುಮ್ನೆ ಮಾತಲ್ಲ ಸ್ವಾಮಿ. ಬಾಗಿಲು ನೆಲದಿಂದ ಎಷ್ಟೋ ಎತ್ತರದಲ್ಲಿರುತ್ತೆ, ಹತ್ತಿದವರು ಏಣಿ ಎಳೆದುಕೊಂಡರೆ ಮುಗೀತು. ಕಿಟಕಿ ಬರೀ ಸೀಳು, ಹೊರಗೆ ಕಿರಿದು, ಒಳಗೆ ಅಗಲ. ಅದೇ ಸೀಮೆಯ ಜಿಂಚುವಾನ್‌ನಲ್ಲಿ ನಡೆದ ಯುದ್ಧಗಳ ಬಗ್ಗೆ ಓದಿ. ಚೀನಾ ಆಳುತ್ತಿದ್ದ ಚಿಂಗ್ ವಂಶದ ದೊರೆ ಚಿಯಾನ್‌ಲಾಂಗ್ 1747ರಲ್ಲಿ ಸೈನ್ಯ ಕಳಿಸಿದ, ಈ ಗೋಪುರಗಳ ಮುಂದೆ ಅದು ಒದ್ದಾಡಿತು. ಬೀಜಿಂಗ್ ಪಕ್ಕದ ಶಿಯಾಂಗ್‌ಶಾನ್ ಬೆಟ್ಟದಲ್ಲಿ ಅಂಥದ್ದೇ ಗೋಪುರ ಕಟ್ಟಿಸಿ, ಸೈನಿಕರಿಗೆ ಏಣಿ ಹಾಕಿ ಹತ್ತೋದನ್ನ ಕಲಿಸಿದ! ಅಷ್ಟಾದರೂ 1771ರ ಎರಡನೇ ಯುದ್ಧ ಮುಗಿಯೋಕೆ 1776 ಬೇಕಾಯಿತು, ಖರ್ಚು 6 ಕೋಟಿ ತೇಲ್ (ಚೀನಾದ ಹಳೇ ತೂಕದ ಅಳತೆ) ಬೆಳ್ಳಿಗೂ ಜಾಸ್ತಿ.

ತುಂಗಾತೀರ:
ಯುದ್ಧವೊಂದನ್ನೇ ಹಿಡಿದುಕೊಂಡರೆ ಗುಡ್ಡದಹಾದಿಯವರ ಪ್ರಶ್ನೆಗೆ ಉತ್ತರ ಸಿಗಲ್ಲ. ಎಷ್ಟೋ ಗೋಪುರ ಒಂದೊಂದು ಮನೆತನದ್ದು, ಮನೆಗೇ ಅಂಟಿಕೊಂಡಿರುತ್ತೆ. ಗಂಡುಮಗು ಹುಟ್ಟಿದರೆ ಕಟ್ಟೋಕೆ ಶುರು, ಮಗ ಬೆಳೆದ ಹಾಗೆ ಅಂತಸ್ತು ಏರಿಸೋದು, ಗೋಪುರ ಇಲ್ಲದ ಮನೆಗೆ ಹೆಣ್ಣು ಕೊಡಲ್ಲ ಅಂತ ಅಲ್ಲಿನವರು ಕಥೆ ಹೇಳುತ್ತಾರೆ. ಅಕ್ಷರಶಃ ನಂಬಬೇಕಿಲ್ಲ, ಆದರೆ ನೆರೆಯವರಿಗಿಂತ ಎತ್ತರ ಕಟ್ಟಬೇಕು ಅನ್ನೋ ಹಟ ಇಲ್ಲದೆ 30 ಮೀಟರ್ ಯಾರೂ ಏರಿಸಲ್ಲ. ಇನ್ನು ದಕ್ಷಿಣ ಟಿಬೆಟಿನ ಲ್ಹೋಡ್ರಕ್‌ನಲ್ಲಿರುವ ಒಂಬತ್ತು ಅಂತಸ್ತಿನ ಸೇಖರ್ ಗುಥೋಕ್ ಗೋಪುರದ ಕಥೆಯೇ ಬೇರೆ. ಬೌದ್ಧ ಗುರು ಮಾರ್ಪ ಶಿಷ್ಯ ಮಿಲರೇಪನ ಕೈಯಲ್ಲೇ ಕಟ್ಟಿಸಿ ಕೆಡವಿಸಿ, ಮತ್ತೆ ಕಟ್ಟಿಸಿ ಅವನ ಪಾಪ ತೊಳೆದ ಅಂತ ನಂಬಿಕೆ, ಇವತ್ತಿಗೂ ಯಾತ್ರಿಕರು ಹೋಗುತ್ತಾರೆ.

ಗುಡ್ಡದಹಾದಿ:
ಭೂಕಂಪದ ಸೀಮೆಯಲ್ಲಿ ಇವು ಉಳಿದದ್ದು ಹೇಗೆ?

ಹಳೇಗೋಡೆ:
ಎಲ್ಲವೂ ಉಳಿದಿಲ್ಲ, ತುದಿ ಉದುರಿದವು ಬೇಕಾದಷ್ಟಿವೆ. ಗೋಡೆ ಕೆಳಗೆ ದಪ್ಪ, ಮೇಲೆ ಹೋದಂತೆ ಸಣ್ಣ. ಕಲ್ಲುಗಳ ನಡುವೆ ಮಣ್ಣಿನ ಗಾರೆ, ಅಲ್ಲಲ್ಲಿ ಅಡ್ಡ ಮರ. ಬಿರುಕು ಬಿಟ್ಟರೂ ಅದು ಪೂರ್ತಿ ಮೇಲಕ್ಕೆ ಓಡದಂತೆ ಆ ಮರ ತಡೆಯುತ್ತೆ. ಮೂಲೆ ಜಾಸ್ತಿ ಇದ್ದರೆ ಗೋಡೆ ಬಿಗಿಯಾಗುತ್ತೆ ಅಂತಲೂ ವಾದ ಇದೆ. ನನಗೆ ಅದು ಅರ್ಧ ಗಟ್ಟಿತನಕ್ಕೆ, ಅರ್ಧ ಮೇಸ್ತ್ರಿಯ ಜಂಬಕ್ಕೆ ಅನ್ನಿಸುತ್ತೆ. ಚೌಕದ್ದೂ ನೂರಾರು ವರ್ಷ ನಿಂತಿವೆಯಲ್ಲ.