ಜ್ವಾಲಾಮುಖಿ ಎದುರಿನ ಊರಿಗೆ ಸಂಸಾರ ಹೊಂಟೈತಿ, ಏನೇನು ತಯಾರಿ ಬೇಕು?

ನವಲೂರ_ಪೇರಲ (ಹುಬ್ಬಳ್ಳಿ):
ನಮ್ಮ ತಮ್ಮಗ ಜಪಾನಿನ ಕಾಗೋಶಿಮಾದಾಗ ನೌಕರಿ ಆಗೇತಿ. ಹೆಂಡತಿ, ನಾಲ್ಕು ವರ್ಷದ ಮಗಳನ್ನೂ ಕರಕೊಂಡು ಹೋಗ್ತಾನ. ಊರ ಎದುರಿಗೇ ಸಕುರಾಜಿಮಾ ಜ್ವಾಲಾಮುಖಿ. ಹುಬ್ಬಳ್ಯಾಗ ಕುಂತು ನಮಗ ಇದರ ಅಂದಾಜೇ ಸಿಗವಲ್ದು. ಹುಡುಗಿಗೆ ಸ್ವಲ್ಪ ದಮ್ಮಿನ ತ್ರಾಸ ಐತಿ. ಮನಿ ಎಲ್ಲಿ ಹಿಡೀಬೇಕು, ಇಲ್ಲಿಂದ ಏನು ಒಯ್ಯಬೇಕು, ಯಾವಾಗ ಊರು ಬಿಡಬೇಕು? ತಿಳಿದವರು ಹೇಳ್ರಿ.

ಕಪ್ಪತಗುಡ್ಡ_ಕಲ್ಲು (ಗದಗ):
ಅಪಾಯ ಎರಡು ಥರ ಅದಾವ, ಕೂಡಿಸಬ್ಯಾಡ್ರಿ. ಕಲ್ಲು ಹಾರಿ ಬೀಳೂದು, ಬಿಸಿ ಅನಿಲ-ಬೂದಿ ಗುಡ್ಡದಿಂದ ನುಗ್ಗಿ ಇಳಿಯೂದು ಸಕುರಾಜಿಮಾದ ಬುಡದಾಗ ಇರೋರ ಅಪಾಯ. ನಗರ ಕೊಲ್ಲಿಯ ಈ ದಂಡಿಗೆ, ಸುಮಾರು 4 ಕಿ.ಮೀ. ದೂರ ಅದ. ಅಲ್ಲಿ ದಿನಾ ಕಾಡೂದು ಬೂದಿ. ಮನಿ ನಗರದ ಕಡೆನೇ ಹಿಡೀರಿ.

ಅಲ್ಲಿನ ಹವಾಮಾನ ಇಲಾಖೆ 1ರಿಂದ 5ರ ತನಕ ಎಚ್ಚರಿಕೆ ಮಟ್ಟ ಹೇಳ್ತದ. 3 ಅಂದ್ರ ಗುಡ್ಡದ ಹತ್ತಿರ ಹೋಗಬಾರದು; ಸಕುರಾಜಿಮಾ ಬಹಳ ಕಾಲ ಇದೇ ಮಟ್ಟದಾಗ ಇರ್ತದ. 4 ಅಂದ್ರ ಅಪಾಯದ ವಲಯದಾಗಿನ ವಯಸ್ಸಾದವರು, ಅಶಕ್ತರು ಮೊದಲು ಹೊರಡೂದು. 5 ಅಂದ್ರ ಆ ವಲಯದ ಎಲ್ಲಾರೂ. 2022ರ ಜುಲೈ 24ಕ್ಕ ಕಲ್ಲು ಕುಳಿಯಿಂದ ಸುಮಾರು 2.5 ಕಿ.ಮೀ. ದೂರ ಬಿದ್ದವು ಅಂತ 5ಕ್ಕ ಏರಿಸಿ, 27ಕ್ಕ ಮತ್ತ 3ಕ್ಕ ಇಳಿಸಿದ್ರು. ಆವಾಗ ಸ್ಥಳ ಬಿಡ್ರಿ ಅಂದದ್ದು ಬುಡದ ಅರಿಮುರಾ, ಫುರುಸಾತೊ ಕಡೆಯವರಿಗೆ, ನಗರಕ್ಕಲ್ಲ. ಹಿಂಗಾಗಿ ನಂಬರ್ ನೋಡಿದ ಕೂಡಲೇ ಇಲ್ಲಿಂದ ಫೋನ್ ಮ್ಯಾಲೆ ಫೋನ್ ಹಚ್ಚಬ್ಯಾಡ್ರಿ. ಆದೇಶ ಯಾವ ಓಣಿಗೆ ಅಂತ ಕೇಳ್ರಿ. 'ಸೇಫ್ಟಿ ಟಿಪ್ಸ್' ಆ್ಯಪ್ ಇಂಗ್ಲಿಷಿನಾಗೂ ಎಚ್ಚರಿಕೆ ಕೊಡ್ತದ.

ಹಂಗಂತ ನಗರ ಪೂರಾ ನಿಶ್ಚಿಂತಿ ಅಂತಲ್ಲ. 1914ರ ಜನವರಿ 12ರ ಸ್ಫೋಟದ ದಿನಾನೇ ಸಂಜಿಗೆ ದೊಡ್ಡ ಭೂಕಂಪ ಆಗಿ ನಗರದಾಗೇ ಗ್ವಾಡಿ ಬಿದ್ದವು. ಆ ಲಾವಾ ಸಮುದ್ರ ತುಂಬಿ, ಅಲ್ಲೀತನಕ ದ್ವೀಪ ಆಗಿದ್ದ ಸಕುರಾಜಿಮಾನ್ನ ಮೂಡಣ ದಿಕ್ಕಿನ ಒಸುಮಿ ಪರ್ಯಾಯದ್ವೀಪದ ದಂಡಿಗೆ ಕೂಡಿಸಿಬಿಟ್ಟಿತು. ಸಕುರಾಜಿಮಾದಾಗಿನ ಕುರೊಕಾಮಿ ಊರಿನ ಗುಡಿ ಮುಂದಿನ 3 ಮೀಟರ್ ಕಮಾನು ಬೂದಿಯೊಳಗ ಹೂತುಹೋಗಿ ಇವತ್ತಿಗೂ ಮ್ಯಾಲಿನ 1 ಮೀಟರ್ ಅಷ್ಟ ಕಾಣ್ತದ. ಕಪಾಟು, ಫ್ರಿಜ್ಜು ಗ್ವಾಡಿಗೆ ಬಿಗಿಸೂದೂ ಜ್ವಾಲಾಮುಖಿ ತಯಾರಿನೇ ಅಂತ ತಿಳ್ಕೋರಿ.

ಉಸಿರು_ಧಾರವಾಡ:
ದೊಡ್ಡವರ ಎನ್95 ನಾಲ್ಕು ವರ್ಷದ ಮುಖಕ್ಕ ಕೂಡೂದಿಲ್ಲ, ಗಲ್ಲದ ಬಾಜೂಲಿಂದ ಧೂಳು ಒಳಗ ಹೋಗ್ತದ. ಬೂದಿ ಬೀಳೋ ದಿನ ಹುಡುಗಿನ್ನ ಮನ್ಯಾಗ ಇಟ್ಟುಕೊಳ್ಳೂದೇ ಸರಿ. ದೊಡ್ಡವರು ಕಿವಿಗೆ ಸಿಗಿಸೂದಲ್ಲ, ತಲಿಗೆ ಎರಡು ಪಟ್ಟಿ ಬರೋ ಮಾಸ್ಕ್ ಒಯ್ರಿ. ಗಡ್ಡ ಇದ್ರ ಅದೂ ಸೋರ್ತದ. ಬಟ್ಟಿ ತೋಯಿಸಿ ಕಟ್ಟಿಕೊಂಡ್ರ ಸಣ್ಣ ಕಣ ನಿಲ್ಲೂದಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ತಗದು ಚಷ್ಮಾ ಹಾಕ್ಕೋರಿ, ಕಣ ಸಿಕ್ಕೊಂಡ್ರ ಕಣ್ಣು ಗೀರ್ತದ. ದಿನದ ಇನ್‌ಹೇಲರ್ ತಪ್ಪಿಸಬಾರದು. ದಮ್ಮು ಎದ್ದಾಗಿಂದು ಬ್ಯಾರೆ, ಅದು ಚೀಲದಾಗ ಕೈಗೆ ಸಿಗೋ ಹಂಗ ಇರ್ಲಿ. ಒಂದು ತಿಂಗಳಿಗೆ ಮೀರಿದ ಔಷಧ ಒಯ್ಯೋದಾದ್ರ ಜಪಾನಿನ ಪರವಾನಗಿ ಹೋಗೋಕಿಂತ ಮೊದಲೇ ಆಗಬೇಕು.

ನವಲೂರ_ಪೇರಲ:
ಬೂದಿ ಬಿದ್ರ ನೀರು ಹೊಡದು ಅಂಗಳ ತೊಳದ್ರ ಆತಲ್ರಿ?

ಹಾವೇರಿ_ಸಿವಿಲ್:
ಅದೊಂದು ಮಾಡಬ್ಯಾಡ್ರಿ. ಒಲಿ ಬೂದಿ ಅಲ್ಲರೀ ಅದು, ಕಲ್ಲು-ಗಾಜಿನ ಪುಡಿ, ಜಲ್ಲಿ ಕ್ರಷರ್ ಧೂಳಿದ್ದಂಗ. ನೀರಿನಾಗ ಕರಗೂದಿಲ್ಲ. ಗಟಾರದ ಪೈಪಿಗೆ ಬಿಟ್ರ ತಳಕ್ಕ ಕುಂತು ಗಟ್ಟಿ ಆಗ್ತೈತಿ, ಮುಂದ ಮಳಿನೀರು ಮನಿಗೇ ವಾಪಸ್. ಬರೇ ಧೂಳು ಏಳಲಾರದಷ್ಟು ನೀರು ಚಿಮುಕಿಸಿ, ಕಸಬರಿಗಿಲೇ ಒಟ್ಟು ಮಾಡಿ, ಸಲಿಕಿಲೇ ತುಂಬ್ರಿ. ಕಾಗೋಶಿಮಾ ನಗರಸಭೆ ಇದಕ್ಕಂತನೇ ಹಳದಿ ಚೀಲ ಕೊಡ್ತೈತಿ. ಮನಿ ಕಸದ ಕೂಡ ಕಲಸಬಾರದು, ಗುರ್ತು ಮಾಡಿದ ಜಾಗದಾಗ ಇಡಬೇಕು. ಚೀಲ ಅರ್ಧಕ್ಕಿಂತ ಹೆಚ್ಚು ತುಂಬಿದ್ರ ಎತ್ತಾಕ ಬರೂದಿಲ್ಲ.

ತೂಕದ ಲೆಕ್ಕ ನೋಡ್ರಿ: 1 ಚದರ ಮೀಟರ್ ಮ್ಯಾಲೆ 1 ಸೆಂ.ಮೀ. ಒಣ ಬೂದಿ ಸುಮಾರು 10 ಕಿಲೋ, ಮಳಿ ಕುಡದ್ರ 20ರ ತನಕ. ಆರ್‌ಸಿಸಿ ಸ್ಲ್ಯಾಬಿಗೆ ಚಿಂತಿಲ್ಲ. ತಗಡಿನ ಕಾರ್ ಶೆಡ್ಡು 10 ಸೆಂ.ಮೀ. ತಡಕೊಳ್ಳೂದು ಕಷ್ಟ. ಆದ್ರ ಬಳಿಯಾಕ ಅಂತ ತಗಡು ಹತ್ತಿ ಜಾರಿ ಬೀಳೋರೂ ಇರ್ತಾರ, ಆ ಕೆಲಸ ಕಸಬುದಾರರಿಗೆ ಬಿಡ್ರಿ.

ಕಾರಿನ ಗಾಜಿಗೆ ಒಣ ವೈಪರ್ ಆಡಿಸಿದ್ರ ಗೀರು ಬಿದ್ದಂಗ. ಮೊದಲು ನೀರು ಸುರೀರಿ. ಬೂದಿ ಬೀಳೋ ಹೊತ್ತಿಗೆ ಎಸಿ ಬಂದ್ ಮಾಡಿ ಹೊರಗಿನ ಯೂನಿಟ್ಟಿಗೆ ಹೊದಿಕಿ ಹಾಕ್ರಿ, ಚಾಲೂ ಮಾಡೋ ಮುಂದ ಹೊದಿಕಿ ತಗಿಯೂದು ಮರೀಬ್ಯಾಡ್ರಿ. ತೊಯ್ದ ಬೂದಿಯೊಳಗ ಕರೆಂಟ್ ಹರೀತೈತಿ, ಹೊರಗಿನ ಸ್ವಿಚ್ ಬೋರ್ಡ್ ಹಸಿ ಕೈಲೇ ಮುಟ್ಟಬಾರದು.

ಕಪ್ಪತಗುಡ್ಡ_ಕಲ್ಲು:
ಒಂದು ಮಾತು ಕೂಡಿಸ್ತೀನಿ. ಅಲ್ಲಿ ಹವಾಮಾನ ವರದಿಯೊಳಗ ಸಕುರಾಜಿಮಾ ಮ್ಯಾಲಿನ ಗಾಳಿ ದಿಕ್ಕೂ ಹೇಳ್ತಾರ. ಬ್ಯಾಸಗಿಗೆ, ಅಂದ್ರ ಅವರ ಜುಲೈ-ಆಗಸ್ಟ್‌ನಾಗ, ಮೂಡಗಾಳಿ ಬೂದಿನ್ನ ನಗರದ ಮ್ಯಾಲೇ ತರ್ತದ. ಚಳಿಗಾಲದಾಗ ಒಸುಮಿ ಕಡೆ ಹೋಗ್ತದ. ಅರಬಿ ಒಣಗಹಾಕೂದು ಆ ವರದಿ ಕೇಳಿ.

ಗಿರಣಿ_ಚಾಳ (ಹುಬ್ಬಳ್ಳಿ):
ಊಟದ್ದು ಯಾರೂ ಹೇಳ್ಲಿಲ್ಲ. ನೀರು ತಲಿಗೆ ದಿನಕ್ಕ 3 ಲೀಟರ್, ಕನಿಷ್ಠ 3 ದಿನಕ್ಕ, ಒಂದು ವಾರಕ್ಕ ಇಟ್ರ ಛಲೋ. ಮೂರು ಮಂದಿಗೆ ವಾರಕ್ಕ 63 ಲೀಟರ್ ಆತು, 2 ಲೀಟರಿನ 32 ಬಾಟ್ಲಿ. ಮಲಗೋ ಖೋಲಿ, ಅಡಗಿಮನಿ, ಎರಡೂ ಕಡೆ ಹಂಚಿ ಇಡ್ರಿ. ಸಸ್ಯಾಹಾರಿ ಆದ್ರ ನಿರಾಶ್ರಿತರ ಶಿಬಿರದ ಸೂಪ್, ನೂಡಲ್ಸ್ ನಂಬಬ್ಯಾಡ್ರಿ, ಸಾರಿನಾಗ ಒಣಮೀನಿನ ರಸ ಇರೂದೇ ಹೆಚ್ಚು. ಕಟಕ ರೊಟ್ಟಿ ಬೆಂಕಿ ಇಲ್ಲದ ತಿನ್ನಾಕ ಬರ್ತೈತಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಕೂಡ ಡಬ್ಬಿಗೆ ಹಾಕಿ ಒಯ್ರಿ. ಹಸಿ ಕಾಯಿಪಲ್ಯ, ಬೀಜ, ಅಕ್ಕಿ-ಬ್ಯಾಳಿ ಮಾತ್ರ ಬ್ಯಾಡ, ಸಸ್ಯ ತಪಾಸಣಾ ಪ್ರಮಾಣಪತ್ರ ಇಲ್ಲಂದ್ರ ವಿಮಾನ ನಿಲ್ದಾಣದಾಗೇ ತಗದಿಡ್ತಾರ.