ಅಪ್‌ಡೇಟ್: ನೀರು ನಿಂತ ಟೊಮೆಟೊ ಮಡಿ

ಮಾಲೂರಿನ ಹತ್ತಿರ ಹೊಸದಾಗಿ ತಗೊಂಡ ಒಂದೂವರೆ ಎಕರೆಯಲ್ಲಿ ಅಶ್ವಿನಿ ಮಳೆ ಬಿಡುತ್ತಿಲ್ಲ, ಟೊಮೆಟೊ ಸಸಿ ನೆಡಲೋ ಕಾಯಲೋ ಅಂತ ಹಿಂದೆ ಇಲ್ಲೇ ನಿಮ್ಮನ್ನ ಕೇಳಿದ್ದೆ. ಕೋಲಾರದಲ್ಲಿ ನೀರು ಜಾಸ್ತಿ ಆಯ್ತು ಅಂತ ಗೋಳಾಡಿದವನು ನಾನೊಬ್ಬನೇ ಇರಬೇಕು, ಅಲ್ವಾ?

ಕಾಯಿರಿ ಅಂದಿದ್ರಿ. ನಾನು ಅರ್ಧ ಮಾತ್ರ ಕೇಳಿದೆ. ತಗ್ಗಿನಲ್ಲಿ ನೆಟ್ಟ ನಾಲ್ಕು ಸಾಲು ವಾರದೊಳಗೆ ಬುಡ ಕೊಳೆತು ಮಲಗಿದವು.

ಉಳಿದದ್ದಕ್ಕೆ ಹತ್ತು ದಿನ ತಡೆದೆ. ಪಕ್ಕದ ಹೊಲದ ತಾತ ಒಂದು ಪರೀಕ್ಷೆ ಹೇಳಿಕೊಟ್ಟರು: ಹಿಡಿಯಲ್ಲಿ ಉಂಡೆ ಕಟ್ಟಿದ ಮಣ್ಣು ಬೆರಳು ತಾಗಿಸಿದರೆ ಉದುರಬೇಕು, ಅಂಟಿದರೆ ಗುದ್ದಲಿ ಮುಟ್ಟಬೇಡ. ಆಮೇಲೆ ಒಂದಡಿ ಎತ್ತರದ ಮಡಿ ಮಾಡಿ, ಇಳಿಜಾರಿಗೆ ಕಾಲುವೆ ತೆಗೆದೆ. ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮ (ಕೊಳೆ ರೋಗ ತಡೆಯೋ ಉಪಕಾರಿ ಶಿಲೀಂಧ್ರ) ಬೆರೆಸಿ ಹಾಕಿದೆ. ಭರಣಿ ಮಳೆ ಜೋರಾಗೇ ಬಂತು. ನೀರು ನಿಲ್ಲಲಿಲ್ಲ, ಸಸಿ ಚಿಗುರಿವೆ. ತಗ್ಗನ್ನು ಈ ಸಲ ಸುಮ್ನೆ ಬಿಟ್ಟಿದ್ದೇನೆ.