ಕೊಂಡಿಯೋ, ಕೀಲೋ? ‘ಲಿಂಕೇಜ್’ಗೆ ಪದ ಬೇಕು

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯ ನಮ್ಮ ಬೀದಿಯ ಹೈಸ್ಕೂಲ್ ಹುಡುಗರು ವಿಜ್ಞಾನ ಪ್ರದರ್ಶನಕ್ಕೆ ಒಂದು ಮಾದರಿ ಮಾಡಿದ್ದಾರೆ. ಏಳು ರಟ್ಟಿನ ಪಟ್ಟಿ, ಕೂಡುವಲ್ಲೆಲ್ಲ ಪಿನ್ನು. ಒಂದು ಪಟ್ಟಿಯನ್ನು ದುಂಡಗೆ ಆಡಿಸಿದರೆ ಆಚೆ ಮೂಲೆಯ ಪೆನ್ಸಿಲ್ ನೆಟ್ಟಗೆ ಗೆರೆ ಎಳೆಯುತ್ತದೆ. 1864ರಲ್ಲಿ ಫ್ರೆಂಚ್ ಸೇನಾಧಿಕಾರಿ ಪೋಸೆಲಿಯೇ ಕಂಡುಹಿಡಿದ ಉಪಾಯ ಇದು. ಮೊದಲ ಸಲ ಆ ಆಡುವ ಪಟ್ಟಿ ಗಿಡ್ಡಾಗಿ, ಗೆರೆ ಬಿಲ್ಲಿನ ಹಾಗೆ ಬಾಗಿತ್ತು. ಈಗ ಸರಿಯಾಗಿದೆ. ಬೋರ್ಡಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಡಿ ಅಂತ ಬಂದರು. ಮೊದಲ ಪದಕ್ಕೇ ಸಿಕ್ಕಿಹಾಕಿಕೊಂಡೆ: ಹೀಗೆ ಗಟ್ಟಿ ಪಟ್ಟಿಗಳನ್ನು ಆಡುವಂತೆ ಕೂಡಿಸಿದ ಜೋಡಣೆಗೆ ಇಂಗ್ಲಿಷಿನಲ್ಲಿ ‘ಲಿಂಕೇಜ್’, ಕನ್ನಡದಲ್ಲಿ ಏನು?

‘ಕೊಂಡಿ’ ಎಂದು ಬರೆದೆ. “ಯಾವ ವೆಬ್‌ಸೈಟಿಂದು ಸಾರ್?” ಅಂದ ಒಬ್ಬ. ಅದಿರಲಿ, ಕೊಂಡಿ ಎಂದರೆ ನನಗೆ ನೆನಪಾಗುವುದು ಸರಪಳಿ. ಎಳೆದರೆ ಬಿಗಿ, ದಬ್ಬಿದರೆ ಸಡಿಲ. ಇಲ್ಲಿ ತೊಡಕಿರುವುದೇ ಅಲ್ಲಿ.

ಏತ ನೋಡಿದ್ದೀರಲ್ವಾ? ಮರದ ತುದಿ ಕಮಾನಿನ ಹಾಗೆ ಏರಿಳಿಯುತ್ತದೆ, ಆದರೂ ಹಗ್ಗದಲ್ಲಿ ಜೋತ ಬಾನಿ ಬಾವಿಗೆ ನೆಟ್ಟಗೆ ಇಳಿಯುತ್ತದೆ. ಹಳೆಯ ಉಗಿ ಎಂಜಿನ್ನೂ ಹೆಚ್ಚುಕಡಿಮೆ ಏತವೇ: ಮೇಲೆ ತೊಲೆ, ತುದಿಗೆ ಸರಪಳಿ, ಕೆಳಗೆ ಪಿಸ್ಟನ್. ಎಳೆಯುವ ಕೆಲಸ ಮಾತ್ರ ಇದ್ದಾಗ ಅಷ್ಟು ಸಾಕಿತ್ತು. ಜೇಮ್ಸ್ ವ್ಯಾಟನ ಹೊಸ ಎಂಜಿನ್ನಿನ ಪಿಸ್ಟನ್ ಎಳೆಯಲೂ ಬೇಕು, ದಬ್ಬಲೂ ಬೇಕು. ಸರಪಳಿ ಹಿಡಿದು ದಬ್ಬುವುದು ಹೇಗೆ? ಅದಕ್ಕೇ 1784ರಲ್ಲಿ ಅವನು ಗಟ್ಟಿ ಸಲಾಕೆಗಳನ್ನೇ ಕೀಲು ಹಾಕಿ ಜೋಡಿಸಿದ. ಆ ಜೋಡಣೆಯ ನಡೆ ಪೂರ್ತಿ ನೇರವೂ ಅಲ್ಲ. ಪೂರಾ ಆಡಲು ಬಿಟ್ಟರೆ 8ರ ಆಕಾರ ಬರೆಯುತ್ತದೆ, ನಡುವಿನ ಒಂದಿಷ್ಟು ಮಾತ್ರ ನೆಟ್ಟಗೆ. ಪಿಸ್ಟನ್ನಿಗೆ ಅಷ್ಟೇ ಸಾಕಾಯಿತು.

ಹಾಗಾಗಿ ನನಗೆ ‘ಕೀಲು’ ಬಿಡಲು ಮನಸ್ಸಿಲ್ಲ. ಕೀಲುಗೊಂಬೆ, ಬಾಗಿಲ ಕೀಲು, ಅಜ್ಜಿಯ ಕೀಲುನೋವು: ಎಲ್ಲದರಲ್ಲೂ ಗಟ್ಟಿ ಭಾಗಗಳು ಕೂಡಿ ಆಡುವ ಜಾಗ ಅದು. ಆದರೆ ಕೀಲು ಬರೀ ಸಂದಿಗೆ ಹೆಸರಾಯಿತು. ಇಡೀ ಜೋಡಣೆಗೆ ‘ಕೀಲುಕಟ್ಟು’ ಅನ್ನಬಹುದೇ? ಪರಿಚಯದ ಲೇತ್ ಮೇಸ್ತ್ರಿಯನ್ನು ಕೇಳಿದೆ. “ಲಿಂಕ್ ಅನ್ನಿ ಸಾರ್, ಸುಮ್ನೆ ಯಾಕೆ ಒದ್ದಾಡ್ತೀರಿ” ಅಂದರು.

ಇನ್ನೊಂದು ಸಣ್ಣ ಅನುಮಾನ. ಪಠ್ಯದಲ್ಲಿರುವಂತೆ ‘ಸರಳರೇಖೆ’ ಎಂದು ಬರೆದಿದ್ದೆ. ಒಬ್ಬ ಹುಡುಗನ ತಾಯಿ ಓದಿ, “ಏಳು ಪಟ್ಟಿ ಬೇಕಾದ ಗೆರೆ ಸರಳ ಹೆಂಗಾಗುತ್ತೆ?” ಅಂದರು. ‘ನೇರ ಗೆರೆ’ ಎಂದು ತಿದ್ದಿದ್ದೇನೆ. ಗಣಿತದ ಮೇಷ್ಟ್ರುಗಳು ಒಪ್ಪುತ್ತೀರಾ?

ಬೋರ್ಡು ಇನ್ನೂ ಬರೆಸಿಲ್ಲ. ಕೂರಿಗೆಗೋ ಗಾಡಿಗೋ ಮಗ್ಗಕ್ಕೋ ಸೇರಿದ ಇಂಥ ಆಡುವ ಜೋಡಣೆಗೆ ನಿಮ್ಮ ಕಡೆ ಬಳಕೆಯ ಮಾತಿದ್ದರೆ, ಯಾವ ಊರಿನದು ಅಂತಲೂ ಸೇರಿಸಿ ಬರೆಯಿರಿ.